ಕೈ ಎತ್ತದೆ ಒಳಗೆ ಹೋಗುವ ದಾರಿ

ಕಣ್ಣಿಗೆ ಕಟ್ಟಿಕೊಂಡರೆ ಬೇರೊಂದು ಲೋಕದೊಳಗೆ ಇದ್ದಂತೆ ತೋರಿಸುವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್‌ಗಳ ಬಗ್ಗೆ ಯಾರು ಬರೆದರೂ ಒಂದು ಮಾತು ಬಂದೇ ಬರುತ್ತದೆ. ‘ನಿಮ್ಮ ಕೈಗಳೇ ಆ ಲೋಕದೊಳಗೆ ಬಂದುಬಿಡುತ್ತವೆ’ ಅಂತ. ಕೈ ಚಾಚಿ ವಸ್ತು ಎತ್ತಿಕೊಳ್ಳಬಹುದು, ಬಾಗಿಲು ತಳ್ಳಬಹುದು, ಬಿಲ್ಲು ಎಳೆಯಬಹುದು. ನಿಜವೇ. ಆದರೆ ಇದನ್ನು ಓದಿದಾಗಲೆಲ್ಲ ನನ್ನನ್ನು ಒಂದು ಪ್ರಶ್ನೆ ಕಾಡುತ್ತದೆ. ಕಂಪ್ಯೂಟರ್ ಪರದೆಯ ಆಟದಲ್ಲಿ ಬಾಗಿಲು ತೆರೆಯಲು ಒಂದು ಕೀ ಒತ್ತಿದರೆ ಸಾಕಾಗುತ್ತಿತ್ತು. ಅದೇ ಬಾಗಿಲು ಕಣ್ಣಿನ ಮುಂದಕ್ಕೆ ಬಂದ ಕೂಡಲೇ ಕೈ ಎತ್ತಲೇಬೇಕು ಅಂತ ಯಾಕಾಯಿತು?

ನನ್ನ ಭುಜ, ತೋಳುಗಳಲ್ಲಿ ಬಲ ಇಲ್ಲ. ಮುಂಗೈಗಳನ್ನು ತೊಡೆಯ ಮೇಲಿನ ಹಲಗೆಗೆ ಆನಿಸಿಟ್ಟರೆ ಬೆರಳುಗಳು ಚೆನ್ನಾಗಿ ಓಡುತ್ತವೆ. ಹಲಗೆ ಬಿಟ್ಟು ಕೈ ಮೇಲೆತ್ತುವುದು ಮಾತ್ರ ಆಗುವುದಿಲ್ಲ. ಓದು, ಕೆಲಸ, ಜಗಳ, ಸ್ನೇಹ, ಆಟ ಎಲ್ಲವೂ ನನಗೆ ಕೀಬೋರ್ಡ್ ಮೂಲಕವೇ ಬಂದಿವೆ. ಹಾಗಾಗಿ ವಿಆರ್ ಕೂಡ ಅದೇ ದಾರಿಯಲ್ಲಿ ಬರುತ್ತದೆ ಅಂದುಕೊಂಡಿದ್ದೆ. ಹೊಸ ತಂತ್ರಜ್ಞಾನ ಅಂದರೆ ಹಳೆಯದರ ಜೊತೆಗೆ ಇನ್ನೊಂದು ದಾರಿ ಸೇರುವುದು ಅಲ್ವಾ?

ಮೊದಲ ಸಲ ನನಗೆ ಹೆಡ್‌ಸೆಟ್ ಹಾಕಿದ್ದು ಒಬ್ಬ ಗೆಳೆಯ. ಅವನದೇ ಹೆಡ್‌ಸೆಟ್. ಪಟ್ಟಿ ಸಡಿಲಿಸಿ, ನನ್ನ ತಲೆಗೆ ಕೂರಿಸಿ, ‘ಏನ್ ಕಾಣ್ತಿದೆ ಹೇಳು’ ಅಂದ. ಮೊದಲಿಗೆ ಕಂಡದ್ದು ಒಂದು ಸೂಚನೆ. ನೆಲದ ಮೇಲೆ ಗಡಿ ಎಳೆಯಿರಿ ಅಂತ. ಅದಕ್ಕೆ ಕಂಟ್ರೋಲರ್ ಅನ್ನುವ ಸಾಧನವನ್ನು ಕೈಯಲ್ಲಿ ಹಿಡಿದು, ಅದರ ಟ್ರಿಗರ್ ಗುಂಡಿ ಒತ್ತಿಕೊಂಡೇ, ಸುತ್ತಲೂ ಒಂದು ಗೆರೆ ಎಳೆಯಬೇಕು. ಕಂಟ್ರೋಲರ್ ನನ್ನ ಕೈಯಲ್ಲಿ ಮಲಗಿತ್ತು. ಅದರಿಂದ ಹೊರಟ ಬೆಳಕಿನ ಗೆರೆ ನನ್ನ ಮೊಣಕಾಲಿನ ಹತ್ತಿರ ನಿಂತುಬಿಟ್ಟಿತು. ಕೊನೆಗೆ ಅವನೇ ಹೆಡ್‌ಸೆಟ್ ಹಾಕಿಕೊಂಡು ಗಡಿ ಎಳೆದು, ಮತ್ತೆ ನನಗೆ ಹಾಕಿದ. ಒಳಗೆ ಒಂದು ಕೋಣೆ. ಅಲ್ಲಿದ್ದ ಮೇಜು ನನ್ನ ಗದ್ದದ ಮಟ್ಟಕ್ಕಿತ್ತು. ನಿಂತವರ ಎತ್ತರಕ್ಕೆ ಕಟ್ಟಿದ ಕೋಣೆ ಅದು. ಎದುರಿಗೆ ತೇಲುವ ಒಂದು ಫಲಕ. ‘ಮುಂದುವರಿಯಲು ಇಲ್ಲಿ ಗುರಿ ಇಟ್ಟು ಟ್ರಿಗರ್ ಒತ್ತಿ’ ಅನ್ನುವ ಅರ್ಥದ ಬರಹ. ಗೆಳೆಯ ನನ್ನ ಮಣಿಕಟ್ಟು ಹಿಡಿದು ಎತ್ತಿ, ನಾನು ಹೇಳಿದ ಕಡೆ ತಿರುಗಿಸುತ್ತಾ ಹೋದ. ‘ಸ್ವಲ್ಪ ಎಡಕ್ಕೆ. ಇನ್ನೂ ಸ್ವಲ್ಪ. ಹಾಂ.’ ಅವನಿಗೆ ನನಗೆ ಕಾಣುವುದು ಕಾಣುತ್ತಿರಲಿಲ್ಲ. ನನಗೆ ಅವನು ಕಾಣುತ್ತಿರಲಿಲ್ಲ.

ಆ ಹೊತ್ತಿನಲ್ಲಿ ಇನ್ನೊಂದೂ ಆಯಿತು. ಫಲಕ ಸರಿದ ಮೇಲೆ ನಾನು ತಲೆ ಎತ್ತಿ ನೋಡಿದೆ. ಮೇಲೆ ಆಕಾಶ ಇತ್ತು. ತಿರುಗಿದರೆ ಬೆನ್ನ ಹಿಂದೆ ಬೆಟ್ಟ. ನನ್ನ ಕೈಯೇನೂ ಅಲ್ಲಿಗೆ ಬಂದಿರಲಿಲ್ಲ. ಆದರೂ ನಾನು ಅಲ್ಲೇ ಇದ್ದೆ. ಇದರಲ್ಲಿ ನನಗೆ ಸ್ವಲ್ಪವೂ ಅನುಮಾನ ಇರಲಿಲ್ಲ. ಕತ್ತು ತಿರುಗಿಸಿದಷ್ಟೂ ಲೋಕ ತಿರುಗಿತು. ‘ಅಲ್ಲಿರುವ’ ಅನುಭವ ಕೊಡುವುದು ತಲೆ. ಕೈ ಅದಕ್ಕೆ ಆಮೇಲೆ ಸೇರಿದ್ದು. ಈ ಮಾತನ್ನು ನಾನು ಈಗಲೂ ಬಿಟ್ಟುಕೊಡಲು ತಯಾರಿಲ್ಲ.

ಕೀಬೋರ್ಡ್ ಮೊದಲೇ ಇತ್ತು

ಚರಿತ್ರೆಯೂ ಇದನ್ನೇ ಹೇಳುತ್ತದೆ. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್ಲೆಂಡ್ ಮತ್ತು ಅವರ ವಿದ್ಯಾರ್ಥಿಗಳು ತಲೆಗೆ ಕಟ್ಟುವ ಪರದೆಯೊಂದನ್ನು ತೋರಿಸಿದರು. ಅದರಲ್ಲಿ ಮುಖ್ಯವಾಗಿ ಅಳೆಯುತ್ತಿದ್ದದ್ದು ತಲೆ ಎತ್ತ ತಿರುಗಿದೆ, ಎಲ್ಲಿದೆ ಅನ್ನುವುದನ್ನು. ಗಾಳಿಯಲ್ಲಿ ತೇಲುವ ಗೆರೆಗಳ ಆಕೃತಿಯನ್ನು ತಲೆ ಸರಿಸಿ ಬೇರೆ ಬೇರೆ ಕಡೆಯಿಂದ ನೋಡಬಹುದಿತ್ತು. ನಮ್ಮ ಕಾಲಕ್ಕೆ ಬಂದರೆ, 2012ರಲ್ಲಿ ಕಿಕ್‌ಸ್ಟಾರ್ಟರ್ ವೆಬ್‌ತಾಣದಲ್ಲಿ ಜನರಿಂದ ಹಣ ಕೂಡಿಸಿಕೊಂಡ ಆಕ್ಯುಲಸ್ ರಿಫ್ಟ್ ಹೆಡ್‌ಸೆಟ್ 2013ರಲ್ಲಿ ಡೆವಲಪರ್‌ಗಳಿಗೆ ತಲುಪಿತು. ಆ ಮೊದಲ ಕಿಟ್‌ನಲ್ಲಿ ಕೈಯಲ್ಲಿ ಹಿಡಿಯುವ ಕಂಟ್ರೋಲರೇ ಇರಲಿಲ್ಲ. ತಲೆ ತಿರುಗಿಸಿದ್ದನ್ನು ಮಾತ್ರ ಅದು ಗುರುತಿಸುತ್ತಿತ್ತು. ಉಳಿದದ್ದಕ್ಕೆ ಜನ ತಮ್ಮ ಮೇಜಿನ ಮೇಲಿದ್ದ ಕೀಬೋರ್ಡ್, ಮೌಸ್, ಗೇಮ್‌ಪ್ಯಾಡ್ ಬಳಸಿದರು. 2016ರ ಮಾರ್ಚ್‌ನಲ್ಲಿ ಮಾರುಕಟ್ಟೆಗೆ ಬಂದ ರಿಫ್ಟ್ ಜೊತೆಗೂ ಇದ್ದದ್ದು ಎಕ್ಸ್‌ಬಾಕ್ಸ್ ಗೇಮ್‌ಪ್ಯಾಡ್ ಮತ್ತು ಒಂದು ಪುಟ್ಟ ರಿಮೋಟ್.

ಅದೇ ವರ್ಷ ಏಪ್ರಿಲ್‌ನಲ್ಲಿ ಎಚ್‌ಟಿಸಿ ವೈವ್ ಅನ್ನುವ ಹೆಡ್‌ಸೆಟ್ ಎರಡು ಕೈಗಳಿಗೂ ಕಂಟ್ರೋಲರ್ ಕೊಟ್ಟು ಬಂತು. ಡಿಸೆಂಬರ್‌ನಲ್ಲಿ ರಿಫ್ಟ್‌ಗೂ ಟಚ್ ಕಂಟ್ರೋಲರ್ ಬಂತು. ಅಲ್ಲಿಂದ ಆಟಗಳ ರೀತಿಯೇ ಬದಲಾಯಿತು. ಬೀಸುವುದು, ಹತ್ತುವುದು, ಎಸೆಯುವುದು ಮುಖ್ಯವಾಯಿತು. ಅವು ಒಳ್ಳೆಯ ಆಟಗಳೇ. ಅವುಗಳಿಂದ ಖುಷಿ ಪಟ್ಟವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನನ್ನ ನೋವು ಇಷ್ಟೇ. ಹೊಸ ದಾರಿ ತೆರೆದ ದಿನವೇ ಹಳೆಯ ದಾರಿಯನ್ನು ಮುಚ್ಚಬೇಕಾಗಿರಲಿಲ್ಲ. ಕೀಬೋರ್ಡ್ ವಿಆರ್‌ಗೆ ತಡವಾಗಿ ಬಂದು ಜಾಗ ಕೇಳುತ್ತಿಲ್ಲ. ಅದು ಮೊದಲಿನಿಂದಲೂ ಇತ್ತು. ಆಮೇಲೆ ಅದನ್ನು ಹೊರಗೆ ಕಳಿಸಿದರು.

ಒಂದು ಕಡೆ ಮಾತ್ರ ಅದು ಉಳಿದುಕೊಂಡಿತು. ವಿಮಾನ, ಕಾರು, ಬಾಹ್ಯಾಕಾಶ ನೌಕೆ ಓಡಿಸುವ ಆಟಗಳಲ್ಲಿ. ಎಲೀಟ್ ಡೇಂಜರಸ್ ಆಟವನ್ನು ಹೆಡ್‌ಸೆಟ್ ಹಾಕಿಕೊಂಡು ಕೀಬೋರ್ಡ್‌ನಿಂದ ಆಡಬಹುದು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ಗೆ 2020ರ ಡಿಸೆಂಬರ್‌ನಲ್ಲಿ ವಿಆರ್ ಬಂದಾಗ ಕೈ ಬೀಸುವ ಕಂಟ್ರೋಲರ್ ಬೇಕಾಗಿರಲಿಲ್ಲ. ಈ ಆಟಗಳನ್ನು ಮಾಡಿದವರು ನಮ್ಮಂಥವರನ್ನು ನೆನೆದು ಹೀಗೆ ಮಾಡಿದ್ದಲ್ಲ. ವಿಮಾನಕ್ಕೆ ನೂರಾರು ಗುಂಡಿಗಳಿರುತ್ತವೆ, ಅದಕ್ಕೆ ಕೀಬೋರ್ಡೇ ಸರಿ. ಆದರೆ ಪರಿಣಾಮ ನೋಡಿ. ಕಾಕ್‌ಪಿಟ್‌ನಲ್ಲಿ ಪೈಲಟ್ ಕುಳಿತಿರುತ್ತಾನೆ. ನಾನೂ ಕುಳಿತಿರುತ್ತೇನೆ. ಎತ್ತರ ಸರಿಯಾಗಿಯೇ ಇರುತ್ತದೆ. ಮೋಡದ ಮೇಲೆ ಹಾರುತ್ತಾ, ಬಲಕ್ಕೆ ವಾಲಿಸಿ, ರೆಕ್ಕೆಯ ತುದಿಯಾಚೆ ನೆಲ ತಿರುಗುವುದನ್ನು ಕತ್ತು ಬಗ್ಗಿಸಿ ನೋಡುವಾಗ ನನ್ನ ಬೆರಳುಗಳು ಹಲಗೆಯ ಮೇಲೆ ಎಂದಿನಂತೆ ತಮ್ಮ ಕೆಲಸ ಮಾಡುತ್ತಿರುತ್ತವೆ. ಅಲ್ಲಿ ಯಾರೂ ನನ್ನ ಮಣಿಕಟ್ಟು ಹಿಡಿಯಬೇಕಾಗಿಲ್ಲ.

ಕಾಣದ ಕೀಗಳು

ಕೀಬೋರ್ಡ್ ಇದ್ದರೆ ಎಲ್ಲ ಸಲೀಸು ಅಂತ ಹೇಳುತ್ತಿಲ್ಲ. ಮೊದಲ ಕಷ್ಟ, ಅದು ಕಾಣುವುದಿಲ್ಲ. ಎಫ್ ಮತ್ತು ಜೆ ಕೀಗಳ ಮೇಲಿನ ಸಣ್ಣ ಉಬ್ಬುಗಳನ್ನು ಹುಡುಕಿಕೊಂಡು ಅಲ್ಲಿಂದ ಉಳಿದವನ್ನು ಲೆಕ್ಕ ಹಾಕಬೇಕು. ನಾನು ಅವು ಸಾಲದೆ ಮುಖ್ಯವಾದ ಕೆಲವು ಕೀಗಳಿಗೆ ರಬ್ಬರಿನ ಸಣ್ಣ ಬಿಂದುಗಳನ್ನು ಅಂಟಿಸಿಕೊಂಡಿದ್ದೇನೆ. ಹೊರಗಿನ ಕೋಣೆಯನ್ನು ಕ್ಯಾಮೆರಾ ಮೂಲಕ ಬಣ್ಣದಲ್ಲಿ ತೋರಿಸುವ ಹೆಡ್‌ಸೆಟ್‌ಗಳು ಬಂದ ಮೇಲೆ ಇದು ಸ್ವಲ್ಪ ಹಗುರವಾಗಿದೆ. 2021ರಲ್ಲಿ ಕ್ವೆಸ್ಟ್ 2 ಅನ್ನುವ ಹೆಡ್‌ಸೆಟ್‌ನಲ್ಲಿ ಒಂದೆರಡು ಮಾದರಿಯ ಕೀಬೋರ್ಡ್‌ಗಳನ್ನು ಗುರುತಿಸಿ, ವಿಆರ್ ಒಳಗೇ ಅವುಗಳ ಚಿತ್ರ ತೋರಿಸುವ ಸೌಲಭ್ಯವೂ ಬಂತು. ಒಳ್ಳೆಯದೇ. ಆದರೆ ನಾನು ಬಳಸುವ ಕೀಬೋರ್ಡ್ ಚಿಕ್ಕದು, ಅದರ ಮೇಲೆ ಕೀಗಾರ್ಡ್ ಬೇರೆ ಇದೆ. ಅದು ಆ ಪಟ್ಟಿಯಲ್ಲಿ ಇಲ್ಲ.

ಕೀಗಾರ್ಡ್ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರತಿ ಕೀಗೂ ಒಂದು ತೂತು ಇರುವ ಗಟ್ಟಿ ತಟ್ಟೆ ಅದು. ಕೈ ನಡುಗುವವರಿಗೆ, ಬೆರಳು ಜಾರಿ ಪಕ್ಕದ ಕೀ ಒತ್ತಿಬಿಡುವವರಿಗೆ ಅಂತ ಮಾಡಿದ್ದು. ಹೆಡ್‌ಸೆಟ್ ಒಳಗೆ ಅದಕ್ಕೆ ಎರಡನೆಯ ಉಪಯೋಗ ಇದೆ. ಯಾವ ಕೀಯನ್ನೂ ಒತ್ತದೆ ತಟ್ಟೆಯ ಮೇಲೆ ಬೆರಳು ಸರಿಸುತ್ತಾ ತೂತುಗಳನ್ನು ಎಣಿಸಿಕೊಂಡು ಹೋಗಬಹುದು. ಬರೀ ಕೀಬೋರ್ಡ್ ಆದರೆ ಹುಡುಕುವಾಗಲೇ ಏನೋ ಒತ್ತಿಬಿಟ್ಟಿರುತ್ತೇವೆ. ಕಣ್ಣಿಗೆ ಕಾಣದ ಕೀಬೋರ್ಡ್ ಬಳಸುವ ಯಾರಿಗಾದರೂ, ಅಂಗವೈಕಲ್ಯ ಇರಲಿ ಬಿಡಲಿ, ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ. ಒಮ್ಮೆ ಬಳಸಿ ನೋಡಿ.

ಎರಡನೆಯ ಕಷ್ಟ ಇನ್ನೂ ಸೂಕ್ಷ್ಮ. ಇದರ ಬಗ್ಗೆ ಎಲ್ಲೂ ಜಾಸ್ತಿ ಮಾತಾಡುವುದಿಲ್ಲ. ಕಂಪ್ಯೂಟರ್‌ಗೆ ಜೋಡಿಸಿದ ಹೆಡ್‌ಸೆಟ್ ಆದರೆ, ನೀವು ಒತ್ತಿದ ಕೀ ಹೋಗುವುದು ಕಂಪ್ಯೂಟರ್ ಪರದೆಯಲ್ಲಿ ಯಾವ ವಿಂಡೋ ಮುಂದಿದೆಯೋ ಅದಕ್ಕೆ. ನಡುವೆ ಯಾವುದೋ ಅಪ್‌ಡೇಟ್ ವಿಂಡೋ ಎದ್ದು ಬಂದರೆ ಕೀಗಳೆಲ್ಲ ಅದಕ್ಕೆ ಹೋಗುತ್ತವೆ. ಹೆಡ್‌ಸೆಟ್ ಒಳಗೆ ಮಾತ್ರ ಏನೂ ಬದಲಾಗಿರುವುದಿಲ್ಲ. ಲೋಕ ಹಾಗೇ ಇದೆ, ತಲೆ ತಿರುಗಿಸಿದರೆ ತಿರುಗುತ್ತದೆ, ಕೀ ಒತ್ತಿದರೆ ಏನೂ ಆಗುವುದಿಲ್ಲ. ಸ್ಟಿಕಿ ಕೀಸ್‌ನದೂ ಇದೇ ಕಥೆ. ಶಿಫ್ಟ್ ಜೊತೆ ಇನ್ನೊಂದು ಕೀಯನ್ನು ಒಟ್ಟಿಗೆ ಒತ್ತಲಾಗದವರಿಗೆ ಒಂದಾದ ಮೇಲೆ ಒಂದು ಒತ್ತಲು ಬಿಡುವ ಸೌಲಭ್ಯ ಅದು. ವಿಂಡೋಸ್‌ನಲ್ಲಿ ಶಿಫ್ಟ್ ಐದು ಸಲ ಒತ್ತಿದರೆ ಬರುತ್ತದೆ. ಆದರೆ ಅದು ಕೇಳುವ ‘ಆನ್ ಮಾಡಲೇ?’ ಪ್ರಶ್ನೆ ಹೊರಗಿನ ಪರದೆಯ ಮೇಲೆ ಬರುತ್ತದೆ. ನನ್ನ ಕಣ್ಣು ಇನ್ನೊಂದು ಕಡೆ ಇರುತ್ತದೆ. ಈಗ ನಾನು ಕಂಪ್ಯೂಟರ್ ಪರದೆಯ ಒಂದು ಸಣ್ಣ ಚಿತ್ರವನ್ನು ವಿಆರ್ ಒಳಗೇ ಎಡಗಡೆ ಕೆಳಗೆ ಇಟ್ಟುಕೊಂಡಿರುತ್ತೇನೆ. ಅಂದವಾಗಿ ಕಾಣುವುದಿಲ್ಲ, ಕೆಲಸ ಆಗುತ್ತದೆ.

ಎತ್ತರದ ಸಮಸ್ಯೆಗೆ ಉತ್ತರ ಸಿಕ್ಕಿದೆ. ಕುಳಿತವರಿಗೆ ನಿಂತವರ ಮಟ್ಟದ ನೋಟ ಕೊಡುವ ಸೆಟ್ಟಿಂಗ್ 2021ರಿಂದ ಕ್ವೆಸ್ಟ್‌ನಲ್ಲಿದೆ. ಮಲಗಿಕೊಂಡೇ ಬಳಸುವವರಿಗೆ ಹಿಂದೆಲ್ಲ ಬರೀ ಮೇಲ್ಛಾವಣಿ ಕಾಣುತ್ತಿತ್ತು, 2024ರಲ್ಲಿ ಅದಕ್ಕೂ ಒಂದು ಆಯ್ಕೆ ಬಂತು. ಕಂಪ್ಯೂಟರ್‌ನಲ್ಲಿ ವಿಆರ್ ನಡೆಸುವ ಸ್ಟೀಮ್‌ವಿಆರ್ ಬಳಸುವವರಿಗೆ ವಾಕಿನ್‌ವಿಆರ್ ಅನ್ನುವ ಸಾಫ್ಟ್‌ವೇರ್ ಇದೆ. ಪಕ್ಕದಲ್ಲಿ ಕುಳಿತವರು ಗೇಮ್‌ಪ್ಯಾಡ್ ಹಿಡಿದು ಸಹಾಯ ಮಾಡಲು ಅದರಲ್ಲಿ ವ್ಯವಸ್ಥೆ ಇದೆ. ಇವನ್ನೆಲ್ಲ ಮಾಡಿದವರಿಗೆ ನಾನು ಕೃತಜ್ಞ.

ಹೊರಗೆ ಬರುವ ಕೀ

ಒಳಗೆ ಹೋಗುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಹೊರಗೆ ಬರುವುದರ ಬಗ್ಗೆ ಕಡಿಮೆ. ತಲೆ ಸುತ್ತಿದರೆ ನೀವು ಹೆಡ್‌ಸೆಟ್ ಕಿತ್ತು ಪಕ್ಕಕ್ಕಿಡುತ್ತೀರಿ. ನನ್ನ ಕೈ ಅಲ್ಲಿಗೆ ಏಳುವುದಿಲ್ಲ.

ಒಂದು ಸಂಜೆ ದೋಣಿಯಲ್ಲಿ ತೇಲಿಸಿಕೊಂಡು ಹೋಗುವ ಒಂದು ಅನುಭವ ನೋಡುತ್ತಿದ್ದೆ. ಶುರುವಿನಲ್ಲಿ ಚೆನ್ನಾಗಿತ್ತು. ತಿರುವುಗಳು ಜಾಸ್ತಿಯಾದಂತೆ ಹೊಟ್ಟೆ ತೊಳೆಸತೊಡಗಿತು. ನಿಲ್ಲಿಸಬೇಕೆಂದರೆ ಕಂಟ್ರೋಲರ್‌ನ ಮೆನು ಗುಂಡಿ ಒತ್ತಿ, ಗೆರೆಯನ್ನು ‘ಹೊರಗೆ’ ಅನ್ನುವ ಫಲಕಕ್ಕೆ ತಾಗಿಸಿ, ಮತ್ತೆ ಟ್ರಿಗರ್ ಒತ್ತಬೇಕು. ಕಂಟ್ರೋಲರ್ ತೊಡೆಯಿಂದ ಜಾರಿ ಬಿದ್ದಿತ್ತು. ಮನೆಯಲ್ಲಿದ್ದವರು ಇನ್ನೊಂದು ಕೋಣೆಯಲ್ಲಿ. ಕೂಗಿದೆ. ಕಣ್ಣು ಮುಚ್ಚಿದೆ. ಅವರು ಬರುವ ತನಕ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಆ ನೀರಿನ ಸದ್ದು ಕೇಳುತ್ತಾ ಕುಳಿತಿದ್ದೆ. ಅಕ್ಕ ಓಡಿ ಬಂದು ಹೆಡ್‌ಸೆಟ್ ತೆಗೆದು, ‘ಇಷ್ಟು ಹೊತ್ತು ಯಾಕೆ ಸುಮ್ನೆ ಕೂತಿದ್ದೆ?’ ಅಂತ ಬೈದಳು. ಅವಳಿಗೆ ಗಾಬರಿ. ನನಗೆ ಸಿಟ್ಟು. ಒಂದೇ ಒಂದು ಕೀ ಇದ್ದಿದ್ದರೆ ಸಾಕಿತ್ತು. ಒತ್ತಿದ ಕೂಡಲೇ ಚಿತ್ರ ಕಪ್ಪಾಗಬೇಕು, ಸದ್ದು ನಿಲ್ಲಬೇಕು, ಹೊರಗಿನ ಕೋಣೆ ಕಾಣಬೇಕು. ಈ ಕೀ ಯಾವ ಆಟದಲ್ಲೂ, ಯಾವ ಮೆನುವಿನಲ್ಲೂ ಬದಲಾಗಬಾರದು. ಇದು ಸೌಕರ್ಯದ ಮಾತಲ್ಲ, ಸುರಕ್ಷತೆಯ ಮಾತು. ಹೆಡ್‌ಸೆಟ್ ಅನ್ನು ತಾನೇ ತೆಗೆಯಲಾಗದ ಒಬ್ಬ ಮನುಷ್ಯನಾದರೂ ಅದನ್ನು ಬಳಸುತ್ತಿದ್ದಾನೆ ಅಂದಮೇಲೆ ಇದು ಇರಲೇಬೇಕು.

ಹೆಡ್‌ಸೆಟ್‌ನ ತೂಕವೂ ಇಲ್ಲಿ ಸೇರಿಕೊಳ್ಳುತ್ತದೆ. ಕ್ವೆಸ್ಟ್ 3 ಸುಮಾರು 515 ಗ್ರಾಂ. ಆ್ಯಪಲ್ ವಿಷನ್ ಪ್ರೋ ಮೊದಲ ಮಾದರಿ 600ರಿಂದ 650 ಗ್ರಾಂ. ಗಟ್ಟಿ ಕತ್ತಿಗೆ ಅದು ಲೆಕ್ಕವೇ ಅಲ್ಲ. ಗಾಲಿಕುರ್ಚಿಯ ತಲೆದಿಂಬಿಗೆ ಒರಗಿ ಕೂರುವವರಿಗೆ ಹಿಂದಿನ ಪಟ್ಟಿಯ ಗಟ್ಟಿ ಭಾಗ ತಲೆಯನ್ನು ಮುಂದಕ್ಕೆ ತಳ್ಳುತ್ತದೆ. ನಾನು ಮೆತ್ತನೆಯ ಬಟ್ಟೆಯ ಪಟ್ಟಿ ಬಳಸುತ್ತೇನೆ. ಕತ್ತು ದಣಿಯುವ ಮೊದಲೇ ನಿಲ್ಲಿಸುತ್ತೇನೆ.

ತಲೆ ಸುತ್ತುವ ವಿಷಯದಲ್ಲಿ ಕೀಬೋರ್ಡ್ ನನಗೆ ಒಂದು ಉಪಕಾರ ಮಾಡಿದೆ. ನಿಧಾನವಾಗಿ ವೇಗ ಏರುವ ಚಲನೆಯೇ ಹೊಟ್ಟೆ ತೊಳೆಸುವುದು ಜಾಸ್ತಿ. ಸಮವೇಗದ ಚಲನೆ ಅಷ್ಟು ಕಾಡುವುದಿಲ್ಲ. ಕೀಗೆ ಅರ್ಧ ಒತ್ತುವುದು ಅಂತ ಇಲ್ಲ. ಒತ್ತಿದರೆ ಹೊರಟಿತು, ಬಿಟ್ಟರೆ ನಿಂತಿತು. ತಿರುಗುವುದಕ್ಕೂ ಹಾಗೆಯೇ, ಒಂದು ಸಲ ಒತ್ತಿದರೆ ಇಂತಿಷ್ಟು ಡಿಗ್ರಿ ಅಂತ ಇಟ್ಟುಕೊಂಡರೆ ಎಷ್ಟೋ ವಾಸಿ.

ಮಾಡುವವರ ಮೇಜಿನ ಮೇಲೆ

ನನಗೆ ತುಂಬಾ ಬೇಸರ ತರಿಸಿದ ಸಂಗತಿ ಈಗ ಹೇಳುತ್ತೇನೆ. ‘ವಿಆರ್ ಅನ್ನು ಕೀಬೋರ್ಡ್‌ನಿಂದ ನಡೆಸುವುದು ತಾಂತ್ರಿಕವಾಗಿ ಕಷ್ಟ’ ಅಂತ ಬಹಳ ಕಡೆ ಕೇಳಿದ್ದೆ, ನಂಬಿಯೂ ಇದ್ದೆ. ಆಮೇಲೆ ವಿಆರ್ ಆಟ ಮಾಡುವ ಹುಡುಗನೊಬ್ಬ ತಾನು ಕೆಲಸ ಮಾಡುವ ರೀತಿ ತೋರಿಸಿದ. ಅವನ ಹೆಡ್‌ಸೆಟ್ ಕಪಾಟಿನಲ್ಲಿತ್ತು. ಅವನು ಆಟ ತಯಾರಿಸುವ ಯೂನಿಟಿ ಅನ್ನುವ ಸಾಫ್ಟ್‌ವೇರ್‌ನಲ್ಲಿ, ಹೆಡ್‌ಸೆಟ್ ಇಲ್ಲದೆಯೇ ಇದ್ದಂತೆ ನಡೆಸುವ ಎಕ್ಸ್‌ಆರ್ ಡಿವೈಸ್ ಸಿಮ್ಯುಲೇಟರ್ ಅನ್ನುವುದನ್ನು ಹಾಕಿಕೊಂಡು, ಕೀಬೋರ್ಡ್ ಮತ್ತು ಮೌಸ್‌ನಿಂದಲೇ ಎರಡೂ ಕಂಟ್ರೋಲರ್‌ಗಳನ್ನು ಆಡಿಸುತ್ತಿದ್ದ. ಒಂದು ಕೀ ಒತ್ತಿದರೆ ಎಡಗೈ ಅವನ ವಶ, ಇನ್ನೊಂದು ಒತ್ತಿದರೆ ಬಲಗೈ. ವಸ್ತು ಹಿಡಿಯಲು ಒಂದು ಕೀ. ವೆಬ್‌ನಲ್ಲಿ ವಿಆರ್ ಮಾಡುವವರಿಗೂ ಬ್ರೌಸರ್‌ಗೆ ಸೇರಿಸುವ ಇಂಥದ್ದೇ ಎಮ್ಯುಲೇಟರ್‌ಗಳಿವೆ. ಪ್ರತಿ ಸಣ್ಣ ಬದಲಾವಣೆಗೂ ಹೆಡ್‌ಸೆಟ್ ಹಾಕಿಕೊಂಡು ಎದ್ದು ನಿಲ್ಲುವುದು ಅವರಿಗೂ ಕಷ್ಟ. ಹಾಗಾಗಿ ತಮಗೆ ಒಂದು ದಾರಿ ಮಾಡಿಕೊಂಡಿದ್ದಾರೆ. ಆಟ ಸಿದ್ಧವಾದ ಮೇಲೆ ಆ ದಾರಿಯನ್ನು ತೆಗೆದುಹಾಕಿ ಆಟವನ್ನಷ್ಟೇ ನಮಗೆ ಕೊಡುತ್ತಾರೆ. ಮನೆ ಕಟ್ಟುವಾಗ ಸಾಮಾನು ಸಾಗಿಸಲು ಹಾಕಿದ ಇಳಿಜಾರನ್ನು ಗೃಹಪ್ರವೇಶದ ಹಿಂದಿನ ದಿನ ಕಿತ್ತುಹಾಕಿದಂತೆ.

‘ಅದು ಪರೀಕ್ಷೆಗೆ ಮಾತ್ರ, ಆಡುವಷ್ಟು ಚೆನ್ನಾಗಿಲ್ಲ’ ಅಂದ ಅವನು. ಒಪ್ಪುತ್ತೇನೆ. ಎರಡು ಕೈಗಳನ್ನು ಒಂದೊಂದಾಗಿ ಕೀಬೋರ್ಡ್‌ನಿಂದ ಸರಿಸುವುದು ದಣಿವಿನ ಕೆಲಸ. ನನಗೂ ಅದು ಬೇಡ. ತಲೆ ನೋಡುತ್ತಿರುವ ಕಡೆಗೆ ಗುರಿ, ಕೀ ಒತ್ತಿದರೆ ಕ್ರಿಯೆ. ಇಷ್ಟಾದರೆ ಬಹಳಷ್ಟು ಆಟ ನಡೆಯುತ್ತದೆ. ಬೇರೆ ಬೇರೆ ಹೆಡ್‌ಸೆಟ್‌ಗಳಲ್ಲಿ ಒಂದೇ ಆಟ ನಡೆಯಲಿ ಅಂತ 2019ರಲ್ಲಿ ಬಂದ ಓಪನ್‌ಎಕ್ಸ್‌ಆರ್ ಮಾನದಂಡದಲ್ಲಿ ಆಟ ‘ಹಿಡಿ’, ‘ಮುಂದೆ ಹೋಗು’ ಅಂತ ಕ್ರಿಯೆಯನ್ನು ಹೆಸರಿಸುತ್ತದೆ. ಅದನ್ನು ಯಾವ ಗುಂಡಿಗೆ ಜೋಡಿಸುವುದು ಅನ್ನುವುದು ಬೇರೆ ಹಂತ. ಅಂದರೆ ಕ್ರಿಯೆ ಬೇರೆ, ಕೈ ಬೇರೆ ಅಂತ ಅಡಿಪಾಯದಲ್ಲೇ ಬಿಡಿಸಿಟ್ಟಿದ್ದಾರೆ. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ 2021ರಲ್ಲಿ ವಿಆರ್ ಬಳಸುವ ಅಂಗವಿಕಲರ ಅಗತ್ಯಗಳನ್ನು ಪಟ್ಟಿ ಮಾಡಿತು. ಯಾವ ಕೆಲಸಕ್ಕೂ ದೇಹದ ಇಂಥದ್ದೇ ಚಲನೆ ಬೇಕು ಅನ್ನುವಂತೆ ಇರಬಾರದು ಅನ್ನುವುದು ಅದರಲ್ಲಿದೆ.

ಕೀಬೋರ್ಡ್‌ಗಾಗಿ ನಾನು ಇಷ್ಟು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣ ಇದೆ. ಕೀಬೋರ್ಡ್ ಅಂದರೆ ನನ್ನ ಹಲಗೆಯ ಮೇಲಿರುವುದು ಮಾತ್ರ ಅಲ್ಲ. ಕೆನ್ನೆಯಿಂದ ಒತ್ತುವ ಸ್ವಿಚ್, ಕಾಲಿನ ಪೆಡಲ್, ಕೊಳವೆಯಲ್ಲಿ ಉಸಿರು ಊದಿ ಎಳೆದು ನಡೆಸುವ ಸಾಧನ, ಮಾತಿನ ಆಜ್ಞೆ, ಇವೆಲ್ಲವನ್ನೂ ಕಂಪ್ಯೂಟರ್‌ಗೆ ಕೀ ಒತ್ತಿದಂತೆ ಕಾಣಿಸಬಹುದು. ಸ್ಪೇಸ್ ಮತ್ತು ಎಂಟರ್ ಎರಡೇ ಕೀಗಳಿಗೆ ಒಂದು ಆಟ ಸ್ಪಂದಿಸಿದರೂ ಸಾಕು, ನಾನು ಊಹಿಸಲಾಗದ ದೇಹಗಳವರು ಒಳಗೆ ಬರುತ್ತಾರೆ. ವಿಷನ್ ಪ್ರೋ 2024ರಲ್ಲಿ ಬಂದಾಗ ಕಣ್ಣಿನಿಂದ ಗುರಿ, ನೋಟವನ್ನು ನಿಲ್ಲಿಸಿದರೆ ಆಯ್ಕೆ, ತಲೆಯಿಂದ ಗುರಿ ಅಂತ ಹಲವು ದಾರಿಗಳನ್ನು ಮೊದಲ ದಿನದಿಂದಲೇ ಕೊಟ್ಟಿತು. ಅದನ್ನು ನಾನು ಮೆಚ್ಚುತ್ತೇನೆ. ಆದರೆ ಕಣ್ಣೇ ಕೈಯಾದರೆ ನೋಡುವುದಕ್ಕೆ ಕಣ್ಣು ಬಿಡುವಾಗಿರುವುದಿಲ್ಲ. ನನಗೆ ಆಕಾಶ ನೋಡುತ್ತಲೇ ಬಾಗಿಲು ತೆರೆಯಬೇಕು.

ಎಸೆಯುವುದು

ವೆಬ್‌ಪುಟಗಳಿಗೆ ಈ ನಿಯಮ ಹಳೆಯದು. ಅಂಗವಿಕಲರೂ ವೆಬ್ ಬಳಸುವಂತಾಗಲಿ ಅಂತ ಡಬ್ಲ್ಯೂ3ಸಿ ತಂದ 2008ರ ಡಬ್ಲ್ಯೂಸಿಎಜಿ 2.0 ಮಾರ್ಗಸೂಚಿಯಲ್ಲಿ, ಎಲ್ಲ ಕೆಲಸವೂ ಕೀಬೋರ್ಡ್‌ನಿಂದ ಆಗಬೇಕು ಅನ್ನುವುದು ಕನಿಷ್ಠ ಮಟ್ಟದ ನಿಯಮಗಳಲ್ಲಿ ಒಂದು. ಅದಕ್ಕೆ ಒಂದು ವಿನಾಯಿತಿ ಇದೆ. ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತು ಅನ್ನುವುದಷ್ಟೇ ಅಲ್ಲದೆ, ಕೈ ಸಾಗಿದ ದಾರಿಯೇ ಮುಖ್ಯವಾಗುವ ಕೆಲಸಗಳಿಗೆ ನಿಯಮ ಅನ್ವಯಿಸುವುದಿಲ್ಲ. ಕುಂಚದಿಂದ ಚಿತ್ರ ಬಿಡಿಸುವುದು ಅಂಥದ್ದು. ವಿಆರ್‌ನಲ್ಲಿ ಈ ವಿನಾಯಿತಿಯ ಬಾಗಿಲು ತುಂಬಾ ದೊಡ್ಡದು. ಎಲ್ಲವೂ ಕೈ ಸಾಗುವ ದಾರಿಯೇ ಅಂತ ಹೇಳಿ ಪಾರಾಗಬಹುದು.

ಚೆಂಡು ಎಸೆಯುವುದನ್ನು ತೆಗೆದುಕೊಳ್ಳಿ. ತೋಳು ಬೀಸಿದ ದಾರಿ ಮುಖ್ಯ ಅನ್ನಿಸುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಚೆಂಡಿಗೆ ಬೇಕಾದದ್ದು ದಿಕ್ಕು ಮತ್ತು ಬಲ. ದಿಕ್ಕನ್ನು ತಲೆ ಹೇಳಬಹುದು. ಕೀ ಎಷ್ಟು ಹೊತ್ತು ಒತ್ತಿ ಹಿಡಿದೆ ಅನ್ನುವುದರಿಂದ ಬಲ ಗೊತ್ತಾಗಬಹುದು. ಆ ಹುಡುಗನಿಗೆ ಇದನ್ನೇ ಬರೆದು ಕಳಿಸಿದೆ. ಅವನು ತನ್ನ ಆಟದ ಒಂದು ಪ್ರಯೋಗದ ಪ್ರತಿ ಮಾಡಿ ಕಳಿಸಿದ. ಸ್ಪೇಸ್ ಒತ್ತಿ ಹಿಡಿದು ಬಿಟ್ಟರೆ ಚೆಂಡು ಹಾರುತ್ತದೆ. ಜಾಸ್ತಿ ಹೊತ್ತು ಹಿಡಿದರೆ ಗೋಡೆ ದಾಟುತ್ತದೆ. ಹೊರಗೆ ಬರುವ ಕೀಯನ್ನೂ ಸೇರಿಸಿದ್ದಾನೆ.

ಅವನ ಅಭಿಪ್ರಾಯದಲ್ಲಿ ಇದು ಎಸೆದಂತೆ ಅನ್ನಿಸುವುದಿಲ್ಲ. ನನಗೆ ಅನ್ನಿಸುತ್ತದೆ. ಬಿಡುವ ಕ್ಷಣ ತಪ್ಪಿದರೆ ಗುರಿ ತಪ್ಪುತ್ತದೆ, ಅಭ್ಯಾಸ ಮಾಡಿದಷ್ಟೂ ಕೈ ಪಳಗುತ್ತದೆ. ಎಸೆಯುವುದರಲ್ಲಿ ಇನ್ನೇನಿರಬೇಕು? ಸದ್ಯಕ್ಕೆ ನಮ್ಮ ಚರ್ಚೆ ಸ್ಪಿನ್ ಬಗ್ಗೆ ನಡೆದಿದೆ. ತಲೆಯನ್ನು ಪಕ್ಕಕ್ಕೆ ವಾಲಿಸಿದರೆ ಚೆಂಡು ತಿರುಗಲಿ ಅನ್ನುತ್ತಾನೆ ಅವನು. ಕತ್ತಿನಲ್ಲಿ ಬಲ ಇಲ್ಲದವರಿಗೆ ಅದು ಆಗುವುದಿಲ್ಲ, ಅದಕ್ಕೂ ಒಂದು ಕೀ ಕೊಡು, ಯಾವ ಕೀ ಅನ್ನುವುದನ್ನು ಆಡುವವರಿಗೇ ಬಿಡು ಅಂತ ನಾನು ಬರೆದಿದ್ದೇನೆ. ಮುಂದಿನ ಪ್ರತಿ ಇನ್ನೂ ಬರಬೇಕು.